ಗದ್ದೆಯಲ್ಲಿ ಸುಣ್ಣದ ಕೊಪೆಲ್ ಬರೆಯುವ ಎರ್ಮೆಲಿಂದಾ

ಗದ್ದೆಯಲ್ಲಿ ಇಬ್ಬನಿ ಇನ್ನೂ ಆರಿಲ್ಲ. ಭತ್ತ ಕೊಯ್ದು ಕೆಲವು ದಿನವಾಗಿದ್ದರೂ ಕೂಳೆ ಕಾಲಿಗೆ ಚುಚ್ಚುತ್ತದೆ. ಅದರ ಮೇಲೆ ಬರಿಗಾಲಲ್ಲಿ ಹಿಂದುಹಿಂದಕ್ಕೆ ನಡೆಯುತ್ತಿದ್ದಾರೆ ಎರ್ಮೆಲಿಂದಾ ಕುತಿನ್ಹೊ. ಕೈಯಲ್ಲಿ ತಳಕ್ಕೆ ತೂತು ಹೊಡೆದ ಹಾಲಿನಪುಡಿಯ ಡಬ್ಬಿ. ಎರಡು ಗೂಟಕ್ಕೆ ಬಿಗಿದ ದಾರದ ಗುಂಟ ಡಬ್ಬಿ ಕುಲುಕಿದಂತೆಲ್ಲ ಸುಣ್ಣದ ಪುಡಿ ಉದುರಿ ಬಿಳಿ ಗೆರೆ ಮೂಡುತ್ತದೆ. ಬೆಳಗಿನ ಬ್ರೆಡ್ಡು ಮಾರುವ ಪೊದೇರ್ ಸೈಕಲ್ಲಿನ ಹಾರ್ನ್ ಒತ್ತುತ್ತ ಬದುವಿನ ಮೇಲೆ ಬಂದವನು ಕಾಲೂರಿ ನಿಂತು, ಅಕ್ಕನನ್ನು ಕರೆದಂತೆ ಕರೆಯುತ್ತಾನೆ.

“ಮಾನಾ, ಬಾಗಿಲು ಎಲ್ಲಿ?”

“ನಿನ್ನ ಎದುರಿಗೇ ಇದೆ. ಗೋಡೆ ದಾಟಿ ಬಂದೀಯ, ಜೋಕೆ. ಎರಡು ಪೊಯಿ ಅಮ್ಮನ ಹತ್ತಿರ ಕೊಟ್ಟು ಹೋಗು.”

ಅವನು ನಗುತ್ತ, ಇಲ್ಲದ ಗೋಡೆಯನ್ನು ಸುತ್ತಿಕೊಂಡೇ ಹೋಗುತ್ತಾನೆ.

ಎರ್ಮೆಲಿಂದಾ ಬರೆಯುತ್ತಿರುವುದು ಡೊಂಗರಿವಾಡೊ ಎಂಬ ಕೇರಿಯ ಹೊಸ ಕೊಪೆಲ್ಲನ್ನು. ಊರಿನ ದೊಡ್ಡ ಇಗರ್ಜಿ ದೂರ. ದಿನದ ಜಪಕ್ಕೆ, ಶನಿವಾರದ ಹಾಡುಪ್ರಾರ್ಥನೆಯಾದ ಲದಾಯ್ನ್‌ಗೆ, ಹಡಗು ಹತ್ತಿದ ಗಂಡಸರ ಹೆಸರಲ್ಲಿ ಮೇಣದಬತ್ತಿ ಹಚ್ಚುವುದಕ್ಕೆ ವಾಡೊಗೆ ತನ್ನದೇ ಒಂದು ಪುಟ್ಟ ಪ್ರಾರ್ಥನೆಯ ಮನೆ ಬೇಕು. ಪೋರ್ಚುಗೀಸರ ಕಾಲದಲ್ಲಿ ಕಟ್ಟಿದ್ದ ಹಳೆಯ ಕೊಪೆಲ್ಲಿನ ಹಿಂಗೋಡೆ ಹೋದ ವರ್ಷದ ಆಷಾಢದ ಮಳೆಗೆ ಕುಸಿಯಿತು. ಉಳಿದದ್ದನ್ನು ಜನರೇ ಅಳುತ್ತ ಇಳಿಸಿದರು. ಅಂದಿನಿಂದ ವಾಡೊದ ಸಂತ ರೋಕ್ ಗಂಜಿ ಕಾಯಿಸುವ ಒಂದು ಕೊಟ್ಟಿಗೆಯಲ್ಲಿ, ತಗಡಿನ ಕೆಳಗೆ ನಿಂತಿದ್ದಾನೆ.

ಹೊಸದು ಹೇಗಿರಬೇಕೆಂದು ಕೇಳಿದಾಗ ಸಭೆಯಲ್ಲಿ ಒಂದೇ ದನಿ. ಹಳೆಯದು ಹೇಗಿತ್ತೋ ಹಾಗೇ. ಮುರಕಲ್ಲಿನ ದಪ್ಪ ಗೋಡೆ, ಮುಂದೆ ಹೆಂಚಿನ ಮೊಗಸಾಲೆ, ಅದರಲ್ಲಿ ಮುದುಕರು ಕೂತು ಊರ ಸುದ್ದಿ ಆಡುವುದಕ್ಕೆ ಎರಡು ಕಲ್ಲುಕಟ್ಟೆ, ಚಿಪ್ಪು ಕೂರಿಸಿದ ಕಿಟಕಿ, ಎರಡೂ ಕಡೆಯಿಂದ ಬಳುಕಿ ಮೇಲೇರಿ ಗಂಟೆಯ ಗೂಡಿಗೆ ಕೂಡುವ ಮುಖಗೋಡೆ. ಬಣ್ಣ ಬಿಳಿಯೇ. ನಮ್ಮ ಮನೆಗಳಿಗೆ ಹಳದಿ, ನೀಲಿ, ಕೆಂಪು ಏನು ಬೇಕಾದರೂ ಬಳಿದುಕೊಳ್ಳಬಹುದು. ಬಿಳಿ ಮಾತ್ರ ದೇವರಿಗೆ.

ಸಾಷ್ಟಿ ಸೀಮೆಯ ಉದ್ದಗಲಕ್ಕೂ ಇಂಥ ಒಂಬತ್ತು ಹೊಸ ಕೊಪೆಲ್ಲುಗಳು ಎರ್ಮೆಲಿಂದಾ ಕೈಯಿಂದ ಬಂದಿವೆ. ಹೊಸದೆಂದು ಹೇಳಿದರೆ ದಾರಿಹೋಕರು ನಂಬುವುದಿಲ್ಲ. ಯಾವುದರ ಅಮೃತಶಿಲೆಯ ಫಲಕದ ಮೇಲೂ ಇವರ ಹೆಸರಿಲ್ಲ. ಗಂಟೆ ಕೊಟ್ಟವರ ಹೆಸರಿದೆ, ಮೈಕ್ ಸೆಟ್ ಕೊಟ್ಟವರ ಹೆಸರೂ ಇದೆ. ಇದನ್ನು ಹೇಳಿದರೆ ಅವರಿಗೆ ನಗು. “ಫಲಕ ಎಲ್ಲಿ ಬರಬೇಕು ಅಂತ ಗುರುತು ಹಾಕೋಳು ನಾನೇ ಅಲ್ವಾ ಟೀಚರ್? ಬೇಕು ಅಂದಿದ್ರೆ ಒಂದಿಷ್ಟು ಜಾಗ ಹೆಚ್ಚಿಗೆ ಬಿಟ್ಕೋತಿದ್ದೆ” ಎನ್ನುತ್ತಾರೆ. ಮಡಗಾಂವದ ಶಾಲೆಯಲ್ಲಿ ಪಾಠ ಹೇಳಿ, ಈ ವಾಡೊದಲ್ಲೇ ಬಾಡಿಗೆಗೆ ನಿಂತು, ಇವರ ಮೀನುಸಾರು ಉಂಡೇ ತಲೆ ಹಣ್ಣಾದವಳು ನಾನು. ಇಲ್ಲಿ ಎಲ್ಲರಿಗೂ ಟೀಚರ್. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ಇವರ ಬಗ್ಗೆ ನಾಲ್ಕು ಸಾಲು ಬರೆಯದಿದ್ದರೆ ಹೇಗೆ?

ಎರ್ಮೆಲಿಂದಾಗೆ ಈಗ ಐವತ್ತೆರಡು. ಗಂಡ ಹಡಗಿನಲ್ಲಿ ಅಡುಗೆಯವರು, ಮನೆಗೆ ಬರುವುದು ನೆಂಟರ ಹಾಗೆ. ಅಮ್ಮ ಕ್ಲೆಮೆಂತಿನಾ ಒಂದು ಕಾಲದಲ್ಲಿ ಗಾರೆಯವರಿಗೆ ಸುಣ್ಣ, ನೀರು ಹೊತ್ತು ಮಗಳನ್ನು ಸಾಕಿದವರು. ಕಟ್ಟುತ್ತಿರುವ ಗೋಡೆಯ ನೆರಳಲ್ಲೇ ಮಗು ಮಲಗುತ್ತಿತ್ತು, ಎದ್ದರೆ ಇದ್ದಲಿನಿಂದ ಕಲ್ಲಿನ ಮೇಲೆ ಗೀಚುತ್ತಿತ್ತು. ವಾಡೊದ ಭಾಟ್ಕಾರರ, ಅಂದರೆ ಜಮೀನುದಾರರ, ದೊಡ್ಡ ಮನೆಗೆ ಸುಣ್ಣ ಬಳಿಯಲು ಹೋದಾಗ ಆ ಮನೆಯೊಡತಿ ದೋನಾ ಲಿಯೊಪೊಲ್ದಿನಾ ಈ ಗೀಚಾಟ ನೋಡಿದರು. ತಮ್ಮ ಪಿಯಾನೊ ಪಾಠದ ಹಳೆಯ ಕಾಗದಗಳನ್ನು ಕಟ್ಟುಕಟ್ಟಾಗಿ ಕೊಟ್ಟರು. ಅದರ ಹಿಂಬದಿಯಲ್ಲಿ ಹುಡುಗಿ ಆ ಮನೆಯ ಕಿಟಕಿ, ಕಮಾನು, ಮೆಟ್ಟಿಲು ಎಲ್ಲ ಬರೆದಳು.

“ಆ ಮನೆ ನಂಗೆ ಕಾಗದ ಕೊಡ್ತು, ಕೂರೋಕೆ ಕುರ್ಚಿ ಕೊಡಲಿಲ್ಲ” ಎನ್ನುತ್ತಾರೆ ಎರ್ಮೆಲಿಂದಾ, ದಾರದ ಇನ್ನೊಂದು ತುದಿ ಬಿಗಿಯುತ್ತ. “ಎರಡೂ ನೆನಪಿದೆ. ಆದ್ರೆ ಕಾಗದದ್ದೇ ಮೊದಲು ಹೇಳ್ಬೇಕು. ಅದಿಲ್ದಿದ್ರೆ ನಾನೂ ಬುಟ್ಟಿ ಹೊರ್ತಿದ್ದೆ.”

ಇನ್ನೊಂದು ಋಣ ಸಾರ್ದಿನ್ಹಾ ಎಂಬ ಎಂಜಿನಿಯರರದು. ನಕ್ಷೆ ಬರೆಯುವ ಕೋರ್ಸು ಮುಗಿಸಿ ಅವರ ಕಚೇರಿ ಸೇರಿದವಳಿಗೆ ವರ್ಷಗಟ್ಟಲೆ ಬಂಗಲೆಗಳ ನಕ್ಷೆ ತಿದ್ದುವುದೇ ಕೆಲಸ. ಒಂದು ದಿನ ಅವರು, ಭಾನುವಾರ ಮನೇಲಿ ಕೂರಬೇಡ, ಹೋಗಿ ಹಳೇ ಕೊಪೆಲ್ಲುಗಳನ್ನು ಮುಟ್ಟಿ ನೋಡಿ ಬಾ ಅಂದರು. ಹೋದಳು. ಗೋಡೆ ಎಷ್ಟು ದಪ್ಪ, ಕಿಟಕಿಯ ಕೆಳಗಿನ ಅಂಚು ಯಾವ ಎತ್ತರಕ್ಕೆ ಬಂದರೆ ಮಂಡಿಯೂರಿದವರಿಗೆ ಗಾಳಿ ತಾಗುತ್ತದೆ, ಮುಖಗೋಡೆಯ ಬಳುಕು ಎಲ್ಲಿ ತಿರುಗಬೇಕು, ಎಲ್ಲ ಕೈಯಿಂದ ಮುಟ್ಟಿ ಕಲಿತದ್ದು. ಎಂಬತ್ತು ದಾಟಿದ ಸಾರ್ದಿನ್ಹಾ ಇವತ್ತಿಗೂ ಎರ್ಮೆಲಿಂದಾ ನಕ್ಷೆಗಳನ್ನು ನೋಡಿ, ತಿದ್ದುವುದಿದ್ದರೆ ತಿದ್ದಿ, ಸಹಿ ಹಾಕುತ್ತಾರೆ. ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಗೆ ಹೋಗುವ ಮೊದಲ ತಟ್ಟೆ ಸಿಹಿ ಈ ಮನೆಯದು.

ಗದ್ದೆಯಲ್ಲಿ ಪೂರ್ತಿ ಅಳತೆಗೆ ಗೆರೆ ಹಾಕುವ ಪದ್ಧತಿ ಮಾತ್ರ ಎರ್ಮೆಲಿಂದಾ ಅವರದೇ. ಅದು ಶುರುವಾದದ್ದು ಒಂದು ತಪ್ಪಿನಿಂದ. ಇವರ ಮೊದಲ ಕೊಪೆಲ್ ಮುಗಿದ ವರ್ಷ, ಹಬ್ಬದ ದಿನ, ಸಂತನನ್ನು ಅಡ್ಡೆಯ ಮೇಲೆ ಹೊತ್ತು ಹೊರಗೆ ತರುತ್ತಿದ್ದರು. ಬಾಗಿಲನ್ನು ಸಂತನ ಎತ್ತರಕ್ಕೆ ಅಳೆದಿದ್ದರು, ಹೊರುವವರ ಎತ್ತರಕ್ಕಲ್ಲ. ಆ ವರ್ಷ ರಜೆಗೆ ಬಂದಿದ್ದ ಹಡಗಿನ ಹುಡುಗರೆಲ್ಲ ಆರಡಿ ಆಳುಗಳು. ಕಿರೀಟ ಬಾಗಿಲ ಮೇಲಿನ ಕಲ್ಲಿಗೆ ಠಣ್ ಎಂದಿತು. ದಿಕ್ಕು ತೋಚದೆ ನಾಲ್ವರೂ ಮಂಡಿಯೂರಿ, ತೆವಳಿಕೊಂಡೇ ಸಂತನನ್ನು ಹೊರಗೆ ತಂದರು. ನೋಡುತ್ತಿದ್ದ ಮುದುಕಿಯರು, ಈಗಿನ ಹುಡುಗರಿಗೆ ಎಂಥ ಭಕ್ತಿ ಎಂದು ಕಣ್ಣೊರೆಸಿಕೊಂಡರು.

“ಈಗ ಅಲ್ಲಿ ಅದೇ ಪದ್ಧತಿ. ಕುಳ್ಳರು ಹೊತ್ರೂ ಮಂಡಿಯೂರ್ಕೊಂಡೇ ಬರಬೇಕು. ಹೋದ ವರ್ಷ ಒಬ್ಬ ಎದ್ದು ನಡೆದಿದ್ದಕ್ಕೆ ಬೈದ್ರಂತೆ” ಎನ್ನುತ್ತಾರೆ ಎರ್ಮೆಲಿಂದಾ. “ನಾನು ಆ ಹಬ್ಬಕ್ಕೆ ಹೋಗಲ್ಲ. ಅವರು ಮಂಡಿಯೂರಿದ ಕೂಡ್ಲೇ ನಂಗೆ ಆ ಬಾಗಿಲ ಅಳತೆ ನೆನಪಾಗುತ್ತೆ.”

ಆಮೇಲಿನ ಪ್ರತಿ ಕೊಪೆಲ್ಲಿಗೂ ಒಂದು ನಿಯಮ. ಕೊಯ್ಲಾದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು, ಬಾಗಿಲಿದ್ದಲ್ಲಿ ನಿಜವಾದ ಎತ್ತರಕ್ಕೆ ಬಿದಿರು ಕಟ್ಟಿ, ವಾಡೊದ ಜನರನ್ನೆಲ್ಲ ಕರೆದು, ಆ ಗೆರೆಗಳ ಒಳಗೆ ಒಂದು ಲದಾಯ್ನ್ ಹಾಡಿಸಬೇಕು. ಜನ ಬಂದು, ಕೂತು, ಎದ್ದು, ಸಂತನನ್ನು ಹೊತ್ತು ಹೊರಗೆ ಹೋದ ಮೇಲೆಯೇ ನಕ್ಷೆ ಸಾರ್ದಿನ್ಹಾ ಅವರ ಮೇಜಿಗೆ. ಪಕ್ಕದ ಗದ್ದೆಯಲ್ಲಿ ಮುಖಗೋಡೆಯನ್ನು ಮಲಗಿಸಿ ಬರೆಯುತ್ತಾರೆ. ಗುಡ್ಡದ ಇಳಿಜಾರಿನ ಮನೆಗಳಿಂದ ನೋಡಿದರೆ ಕೊಪೆಲ್ ಅಂಗಾತ ಮಲಗಿ ಆಕಾಶ ನೋಡುತ್ತಿದೆ ಅನ್ನಿಸುತ್ತದೆ.

ಬಿಸಿಲು ಏರುವ ಹೊತ್ತಿಗೆ ಎವಾರಿಸ್ತೊ ಬರುತ್ತಾರೆ. ದೋನಾ ಲಿಯೊಪೊಲ್ದಿನಾ ಅವರ ತಮ್ಮನ ಮಗ, ಕಟ್ಟಡ ಸಮಿತಿಯ ಮುಖ್ಯಸ್ಥ. ಕೆಟ್ಟವರಲ್ಲ. ಕೊಪೆಲ್ ಬಿದ್ದ ರಾತ್ರಿ ಮಳೆಯಲ್ಲಿ ನೆನೆದು ಸಂತನನ್ನು ತಬ್ಬಿಕೊಂಡು ಹೊರಗೆ ತಂದವರು ಅವರೇ. ಬಾಗಿಲಿನಿಂದ ಸರಿಯಾಗಿ ಒಳಗೆ ಬಂದು, ಪೀಠದವರೆಗೆ ನಡೆದು, ಮತ್ತೆ ಹಿಂದಕ್ಕೆ ಬಂದು, ನಟ್ಟನಡುವೆ ನಿಂತು ನೆಲ ನೋಡುತ್ತಾರೆ.

“ಎರ್ಮೆ, ಇಲ್ಲೊಂದು ಮೆಟ್ಟಿಲಿತ್ತಲ್ಲ. ಬರೆಯೋದು ಮರೆತ್ಯಾ?”

“ಮರೀಲಿಲ್ಲ ಎವಾರಿಸ್ತೊಬಾಬ್. ಬಿಟ್ಟೆ.”

“ಹಳೇದು ಹೇಗಿತ್ತೋ ಹಾಗೇ ಅಂತ ಸಭೇಲಿ ಆಗಿದ್ದು.”

“ಎಲ್ಲ ಹಾಗೇ ಇದೆ. ಅದೊಂದಿಲ್ಲ.”

ಹಳೆಯ ಕೊಪೆಲ್ಲಿನ ನಡುಮಧ್ಯೆ, ಈ ಗೋಡೆಯಿಂದ ಆ ಗೋಡೆಗೆ, ಗೇಣೆತ್ತರದ ಒಂದು ಮೆಟ್ಟಿಲಿತ್ತು. ಅದರಾಚೆ ಭಾಟ್ಕಾರರ ಮನೆಯವರು, ಬೆಂಚುಗಳ ಮೇಲೆ. ಈಚೆ ಅವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಮುಂಡ್ಕಾರರು, ಚಾಪೆಯ ಮೇಲೆ. ಹೀಗೇ ಕೂರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಕಾನೂನು ಬದಲಾಯಿತು, ಗುಡಿಸಲಿನವರಿಗೆ ನೆಲ ಬಂತು, ಹಡಗಿನ ದುಡ್ಡಿನಲ್ಲಿ ತಾರಸಿ ಮನೆಗಳೆದ್ದವು, ಪಾದ್ರಿಗಳು ಎಲ್ಲರೂ ಎಲ್ಲಿ ಬೇಕಾದರೂ ಕೂರಿ ಎಂದು ಎಷ್ಟೋ ಸಲ ಹೇಳಿದರು. ಜನರ ಕಾಲು ಮಾತ್ರ ಮೆಟ್ಟಿಲ ಹತ್ತಿರ ಬಂದ ಕೂಡಲೇ ನಿಲ್ಲುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಇದನ್ನೆಲ್ಲ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು, ಎರ್ಮೆಲಿಂದಾಗೆ ಇನ್ನೂ ಹೆಚ್ಚು. ಯಾಕೆಂದರೆ ಅವರ ಅಮ್ಮ ಎಪ್ಪತ್ತೆಂಟು ವರ್ಷವೂ ಪಕ್ಕದ ಬಾಗಿಲ ಮೂಲೆಯಲ್ಲೇ ಕೂತವರು. ಒಂದೇ ಒಂದು ಸಲ ಅಮ್ಮ ಮೆಟ್ಟಿಲಿನಾಚೆ ಕೂತು ಜಪ ಮಾಡಬೇಕು ಎನ್ನುವುದು ಮಗಳ ಆಸೆ. ಎಷ್ಟೋ ಬಾರಿ ಕೈಹಿಡಿದು ಎಳೆದಿದ್ದಾರೆ. “ಅಲ್ಲಿ ನಂಗೆ ಉಸಿರು ಕಟ್ಟುತ್ತೆ, ಬಿಡೇ” ಎನ್ನುವುದು ಕ್ಲೆಮೆಂತಿನಾ ಉತ್ತರ.

ಎವಾರಿಸ್ತೊ ಸುಮ್ಮನಾಗುವುದಿಲ್ಲ. “ಅದು ಯಾರನ್ನೂ ಬೇರೆ ಮಾಡೋಕೆ ಅಂತಲ್ಲಮ್ಮ. ಆ ಕಾಲದ ಕಟ್ಟಡದ ಅಂದ ಅದು. ನಮ್ಮಜ್ಜ ಮೊಣಕಾಲೂರಿದ ಕಲ್ಲು.”

“ನಿಮ್ಮಜ್ಜ ಮೊಣಕಾಲೂರಿದ್ರು. ನಮ್ಮಜ್ಜ ಅದನ್ನ ಹೊತ್ಕೊಂಡು ಬಂದು ಹಾಕಿದ್ದು” ಎನ್ನುತ್ತಾರೆ ಎರ್ಮೆಲಿಂದಾ, ದನಿ ಏರಿಸದೆ. “ಆ ಕಲ್ಲನ್ನ ಮೊಗಸಾಲೆ ಕಟ್ಟೆಗೆ ಹಾಕ್ತೀನಿ ಬಾಬ್, ಎಸೆಯಲ್ಲ. ಎಲ್ರೂ ಕೂರ್ಲಿ ಅದರ ಮೇಲೆ. ಒಳಗೆ ಮಾತ್ರ ನನ್ನ ಕೈಯಿಂದ ಆಗಲ್ಲ. ಬೇಕೇ ಬೇಕು ಅಂದ್ರೆ ಬೇರೆಯವರ ಹತ್ರ ಬರೆಸ್ಕೊಳ್ಳಿ.”

ಇದು ಅವರು ಹುಟ್ಟಿದ ವಾಡೊದ ಕೊಪೆಲ್. ಉಳಿದ ಒಂಬತ್ತನ್ನು ಬರೆಯುವಾಗಲೂ ಒಂದು ದಿನ ನಮ್ಮದನ್ನು ಬರೆದೇನು ಎಂದುಕೊಂಡಿದ್ದವರು ಈಗ ಈ ಮಾತು ಹೇಳಿಬಿಟ್ಟರು. ಎವಾರಿಸ್ತೊ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. “ಸಂಜೆ ಲದಾಯ್ನ್ ಆಗ್ಲಿ. ಸಮಿತಿಯವರೆಲ್ಲ ಬರ್ತಾರೆ. ಅಲ್ಲೇ ಹೇಳ್ತೀವಿ” ಎಂದು, ಬಾಗಿಲಿನಿಂದಲೇ ಹೊರಗೆ ಹೋಗುತ್ತಾರೆ.

ಸಂಜೆ ಗದ್ದೆ ತುಂಬಾ ಜನ. ಪೀಠದ ಜಾಗದಲ್ಲಿ ಮೇಜಿಟ್ಟು, ಬಿಳಿ ಬಟ್ಟೆ ಹಾಸಿ, ಸಂತ ರೋಕನನ್ನು ನಿಲ್ಲಿಸಿದ್ದಾರೆ. ಒಬ್ಬ ಹೆಂಗಸು ಮಾತಿನ ಭರದಲ್ಲಿ ಸುಣ್ಣದ ಗೆರೆ ತುಳಿದು ಒಳಗೆ ಬಂದರೆ ನಾಲ್ಕು ಕಡೆಯಿಂದ ಕೂಗು: “ಏಯ್, ಗೋಡೆ ಒಳಗಿಂದ ಬಂದ್ಯಲ್ಲೇ, ದೆವ್ವ ಏನೇ ನೀನು?” ಆಕೆ ನಾಚಿ ಹೊರಗೆ ಹೋಗಿ ಬಿದಿರ ಬಾಗಿಲಿನಿಂದ ಬರುತ್ತಾಳೆ. ಬೆಂದ ಕಡಲೆಯ ಹಂಡೆ, ಫೆನಿಯ ಶೀಶೆ ಬದುವಿನ ಮೇಲೆ ಕಾದಿವೆ. ಪ್ರಾರ್ಥನೆ ಮುಗಿಯದೆ ಅವಕ್ಕೆ ಕೈ ಹಾಕುವಂತಿಲ್ಲ.

ಎಲ್ಲರೂ ಕೂತ ಮೇಲೆ ನೋಡಿದೆ. ಮೆಟ್ಟಿಲು ಇಲ್ಲ, ಗೆರೆಯೂ ಇಲ್ಲ. ಆದರೂ ಅದಿದ್ದ ಜಾಗದಲ್ಲೇ ಜನ ನಿಂತು, ಅಲ್ಲೇ ಚಾಪೆ ಬಿಚ್ಚಿದ್ದಾರೆ. ಹಿಂದಿನ ಅರ್ಧದಲ್ಲಿ ಕಾಲಿಡಲು ಜಾಗವಿಲ್ಲ, ಕೆಲವರು ಬಾಗಿಲ ಕಡೆಯ ಗೆರೆ ದಾಟಿ ಹೊರಗೇ ಕೂತಿದ್ದಾರೆ. ಮುಂದಿನ ಅರ್ಧ ಖಾಲಿ. ಭಾಟ್ಕಾರರ ಮನೆಗಳಲ್ಲಿ ಹೆಚ್ಚಿನವರು ಲಿಸ್ಬನ್ನಿಗೋ ಲಂಡನ್ನಿಗೋ ಹೋಗಿಬಿಟ್ಟಿದ್ದಾರೆ. ಉಳಿದವರಲ್ಲಿ ಎವಾರಿಸ್ತೊ ಗಂಡ ಹೆಂಡತಿ, ಮತ್ತೆ ಒಂದು ಕುರ್ಚಿಯ ಮೇಲೆ ತೊಂಬತ್ತು ಮುಟ್ಟುತ್ತಿರುವ ದೋನಾ ಲಿಯೊಪೊಲ್ದಿನಾ. ಅಷ್ಟು ದೊಡ್ಡ ಬಯಲಲ್ಲಿ ಮೂರೇ ತಲೆ. ಬದುವಿನ ಮೇಲೆ ನನ್ನ ಪಕ್ಕ ನಿಂತಿದ್ದ ಎರ್ಮೆಲಿಂದಾ ಡಬ್ಬಿಯನ್ನು ಕೆಳಗಿಟ್ಟರು. “ಗೆರೆ ಅಳಿಸಿದ್ರೆ ಸಾಲ್ದು ಟೀಚರ್” ಎಂದಷ್ಟೇ ಹೇಳಿದರು.

ಪಿಟೀಲು ಎತ್ತಿದ ಹಾಡಿನ ಗುರು ಪ್ಲಾಸಿದೊ ಮೆಸ್ತ್ರಿ ಲದಾಯ್ನ್ ಶುರು ಮಾಡುತ್ತಾರೆ. ಅವರು ಲ್ಯಾಟಿನ್ನಿನಲ್ಲಿ ಮರಿಯಮ್ಮನ ಒಂದೊಂದು ಹೆಸರು ಹಾಡಬೇಕು, ಜನ ಒಕ್ಕೊರಲಲ್ಲಿ ಒಂದೇ ಉತ್ತರ ಹಾಡಬೇಕು. ಈ ಉತ್ತರದಲ್ಲಿ ಕ್ಲೆಮೆಂತಿನಾ ಎತ್ತಿದ ಕೈ. ಒಂದಕ್ಷರ ಓದಲು ಬಾರದಿದ್ದರೂ ವಾಡೊದ ಅರ್ಧ ಜನಕ್ಕೆ ಮುಖ್ಯ ರಾಗದ ಜೊತೆಗೆ ಸಾಗುವ ಎರಡನೆಯ ದನಿ ಕಲಿಸಿದವರು ಅವರೇ. ಯಾರಾದರೂ ಹಾದಿ ತಪ್ಪಿದರೆ ಆಕೆಗೆ ಆ ರಾತ್ರಿ ಊಟ ಸೇರುವುದಿಲ್ಲ.

ಇವತ್ತು ತಪ್ಪುತ್ತಿರುವವರು ದೋನಾ. ಕಿವಿ ಸರಿಯಾಗಿ ಕೇಳಿಸದು. ಮೊದಲೆಲ್ಲ ಗೋಡೆಗಳು ದನಿಯನ್ನು ತಂದು ಕಿವಿಗೆ ಹಾಕುತ್ತಿದ್ದವು, ಇಲ್ಲಿ ಬಯಲು. ಜನರೆಲ್ಲ ದೂರ. ಪ್ಲಾಸಿದೊ ಹೆಸರು ಹೇಳಿ ಮುಗಿಸುವ ಮೊದಲೇ ಮುದುಕಿ ಗಟ್ಟಿಯಾಗಿ ಉತ್ತರ ಹಾಡುತ್ತಾರೆ, ಜನ ಹಾಡುವಾಗ ಬಾಯಿ ಮುಚ್ಚಿ ಕೂರುತ್ತಾರೆ. ಪಿಟೀಲು ತಡವರಿಸುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ದೋನಾ ತಿರುಗಿ, “ಯಾಕೆ, ಯಾರೂ ಬಂದಿಲ್ವಾ? ನಾನೊಬ್ಳೇ ಹಾಡ್ತಿದ್ದೀನಲ್ಲ” ಎನ್ನುತ್ತಾರೆ. ಆ ದನಿಯಲ್ಲಿ ಗತ್ತಿರಲಿಲ್ಲ, ದಿಗಿಲಿತ್ತು.

ಮತ್ತೆರಡು ಹೆಸರು. ಮತ್ತೆರಡು ಸಲ ತಪ್ಪು.

ಪಕ್ಕದ ಬಾಗಿಲ ಗೆರೆಯ ಹತ್ತಿರದಿಂದ ಕ್ಲೆಮೆಂತಿನಾ ಎದ್ದರು. ಮುಖ ಗಂಟು ಹಾಕಿಕೊಂಡು ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿದರು. “ಮೆಸ್ತ್ರಿ, ಸ್ವಲ್ಪ ನಿಲ್ಲಿಸಿ. ಮರಿಯಮ್ಮನ ಮುಂದೆ ಇದೇನು ಸಂತೆ” ಎಂದು ಗೊಣಗುತ್ತ, ಕೂತವರ ನಡುವೆ ದಾರಿ ಮಾಡಿಕೊಂಡು, ಆ ಜಾಗ ದಾಟಿ, ಖಾಲಿ ಬಯಲಲ್ಲಿ ದಡದಡ ನಡೆದು, ಕುರ್ಚಿಯ ಪಕ್ಕದಲ್ಲಿ ಚಾಪೆ ಬಿಚ್ಚಿ ಕೂತರು. ದೋನಾ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು.

“ದೋನಾ, ನಾನು ತಟ್ಟಿದಾಗ ಹಾಡಿ. ತಟ್ಟದೆ ಬಾಯಿ ತೆಗೀಬೇಡಿ.”

“ಯಾರು, ಕ್ಲೆಮೆಂತಿನಾನಾ? ಅಷ್ಟು ದೂರ ಯಾಕೆ ಕೂತಿದ್ದೆ?”

“ಈಗ ಬಂದೆನಲ್ಲ. ಸುಮ್ನಿರಿ.”

ಹೆಸರು ಬರುತ್ತದೆ, ಕೈ ತಟ್ಟುತ್ತದೆ, ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಆದರೆ ಎರಡನೆಯ ದನಿಯ ಮುಂದಾಳು ಎದ್ದುಹೋಗಿದ್ದರಿಂದ ಹಿಂದಿನ ಹೆಂಗಸರು ತಬ್ಬಲಿಗಳಾಗಿದ್ದಾರೆ. ಮೊದಲು ಒಬ್ಬಳು ಚಾಪೆ ಎಳೆದುಕೊಂಡು ಮುಂದೆ ಸರಿಯುತ್ತಾಳೆ. ಅವಳ ಹಿಂದೆ ಅವಳ ಅತ್ತಿಗೆ. ಆಮೇಲೆ ಮಕ್ಕಳನ್ನು ಎತ್ತಿಕೊಂಡವರು, ಆಮೇಲೆ ಗೆರೆಯಾಚೆ ಹೊರಗೆ ಕೂತಿದ್ದ ಗಂಡಸರು. ಹಾಡು ನಿಲ್ಲುವುದಿಲ್ಲ, ಹಾಡುತ್ತಲೇ ಸರಿಯುತ್ತಾರೆ. ಲದಾಯ್ನ್ ಮುಗಿಯುವ ಹೊತ್ತಿಗೆ ಸುಣ್ಣದ ಕೊಪೆಲ್ ಪೀಠದಿಂದ ಬಾಗಿಲವರೆಗೆ ಒಂದೇ ಸಮ ತುಂಬಿದೆ. ಎರ್ಮೆಲಿಂದಾ ಕಣ್ಣೊರೆಸಿಕೊಳ್ಳಲು ಹೋಗಿ ಸುಣ್ಣದ ಕೈ ಎಂದು ನೆನಪಾಗಿ ನನ್ನ ಸೆರಗು ಕೇಳಿದರು. ಕೊಟ್ಟೆ. ನನಗೂ ಅದೇ ಬೇಕಾಗಿತ್ತು.

ಹುಡುಗರು ಸಂತನನ್ನು ಹೊತ್ತು ಬಿದಿರ ಬಾಗಿಲಿನ ಕೆಳಗೆ ತಲೆಯೆತ್ತಿಕೊಂಡೇ ಹೊರಗೆ ಹೋದ ಮೇಲೆ, ಎವಾರಿಸ್ತೊ ಮೆಟ್ಟಿಲಿನ ಜಾಗಕ್ಕೆ ಬಂದು ನಿಲ್ಲುತ್ತಾರೆ. ಸಮಿತಿಯ ಇನ್ನಿಬ್ಬರೂ ಬರುತ್ತಾರೆ. ಅಲ್ಲೆಲ್ಲ ಕಡಲೆ ತಿನ್ನುತ್ತ ಜನ ಕೂತಿದ್ದಾರೆ, ಒಂದು ಮಗು ಅಡ್ಡಡ್ಡ ಮಲಗಿ ನಿದ್ದೆ ಹೋಗಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

“ಎಲ್ಲಿ ಅಂತ ಹಾಕೋದು ಈಗ, ಜನ ಕೂತಿದ್ದಾರಲ್ಲ” ಎನ್ನುತ್ತಾರೆ ಎವಾರಿಸ್ತೊ. ಆಮೇಲೆ ಪೀಠದ ಕಡೆ ತಿರುಗಿ, “ಪೀಠ ಒಂದಿಷ್ಟು ಎತ್ತರಿಸು ಎರ್ಮೆ. ಹಿಂದಿನವರಿಗೆ ಕಾಣ್ಬೇಕು” ಎಂದು ಸೇರಿಸುತ್ತಾರೆ.

“ಎತ್ತರಿಸೇ ಬರೆದಿದ್ದೀನಿ ಬಾಬ್. ದೇವರು ಒಳ್ಳೇದು ಮಾಡ್ಲಿ ನಿಮಗೆ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೈಮುಗಿದು ಹೇಳಿದರು. ಫೆನಿಯ ಲೋಟ ಕೈಯಿಂದ ಕೈಗೆ ಹೋಗುತ್ತಿದೆ. ಈ ಬರಹ ಮುಗಿಸಬೇಕಲ್ಲ ಎಂದು, ಇನ್ನು ನಿಮಗೇನು ಆಸೆ ಎಂದು ಕೇಳಿದೆ. ಅವರು ಪೀಠದ ಕಡೆ ನೋಡಿದರು. ಅಲ್ಲಿ ಅಮ್ಮ ಇನ್ನೂ ಅದೇ ಚಾಪೆಯ ಮೇಲಿದ್ದಾರೆ. ದೋನಾ ಅವರ ಎಲೆಗೆ ಕಡಲೆ ಬಡಿಸಿ, ಹಲ್ಲಿಲ್ಲದವರಿಗೆ ಮೆತ್ತಗೆ ಬೇಯಿಸಬಾರದಾ ಎಂದು ಹಂಡೆಯವರನ್ನು ಬೈಯುತ್ತಿದ್ದಾರೆ.

“ಅಮ್ಮ ಎಲ್ಲಿ ಕೂತಿದ್ದಾಳೆ ಅಂತ ಯಾರೂ ಅವಳಿಗೆ ಹೇಳ್ದೆ ಇದ್ರೆ ಸಾಕು ಟೀಚರ್” ಎಂದರು ಎರ್ಮೆಲಿಂದಾ, ದನಿ ತಗ್ಗಿಸಿ. “ಗೊತ್ತಾದ್ರೆ ಎದ್ದು ಹಿಂದಕ್ಕೆ ಹೋಗ್ಬಿಡ್ತಾಳೆ.”